ಕರಟದಲ್ಲಿ ಹೆಪ್ಪುಗಟ್ಟಿದ ಹಣ್ಣು

ನನ್ನ ನಾದಿನಿ ಗಿರಿಜಾಂಬಿಕಾ ಐದು ತಿಂಗಳ ಬಸುರಿಯಾಗಿ ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿನ ತವರಿಗೆ ಬಂದಾಗ ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಎಂಬತ್ತೊಂದನೆಯ ಇಸವಿಯ ಬೇಸಿಗೆ ಅದು. ಅಷ್ಟು ಹೊತ್ತಿಗೆ ನಿಲ್ಲಬೇಕಾಗಿದ್ದ ವಾಂತಿ ನಿಂತಿರಲಿಲ್ಲ. ಅನ್ನ ಕಂಡರೆ ವಾಕರಿಕೆ, ಒಗ್ಗರಣೆ ಚಟಪಟ ಅಂದರೆ ಹಿತ್ತಲಿಗೆ ಓಟ. ಲೇಡಿ ಡಾಕ್ಟರು ತೂಕ ನೋಡಿ ಮುಖ ಸಣ್ಣದು ಮಾಡಿದರು. ಈ ವಾರದಲ್ಲಿ ಹೊಟ್ಟೆಯಲ್ಲಿ ಏನಾದರೂ ನಿಲ್ಲದಿದ್ದರೆ ತುಮಕೂರಿನಲ್ಲಿ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಕೊಡಿಸಬೇಕು ಎಂದರು. ಗಿರಿಜೆಗೆ ಸೂಜಿ ಎಂದರೆ ಚಿಕ್ಕಂದಿನಿಂದಲೂ ಭಯ. ಮನೆಗೆ ಬಂದವಳು ಗೋಡೆಯ ಕಡೆ ತಿರುಗಿ ಮಲಗಿದಳು.

ನಮ್ಮ ಅತ್ತೆ ಸುವರ್ಣಮ್ಮ ಅವಳ ತಲೆಯ ಹತ್ತಿರ ಕುಳಿತರು. "ಬಾಯ್ ಬುಟ್ಟು ಹೇಳೇ ಮಗ. ಏನ್ ತಿನ್ನಬೇಕು ಅನ್ಸುತ್ತೆ?"

"ಹೇಳಿದ್ರೆ ನಗ್ತೀರಾ."

"ಯಾರೂ ನಗಲ್ಲ, ಹೇಳು."

ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಮೈಸೂರಿಗೆ ಹೋಗಿದ್ದಾಗ ಒಂದು ಹೋಟೆಲಿನಲ್ಲಿ ತಿಂದದ್ದನ್ನು ಗಿರಿಜೆ ವರ್ಣಿಸಿದಳು. ಫ್ರೂಟ್ ಕಾಕ್ಟೇಲ್ ಅಂತ ಹೆಸರು. ನಾಲ್ಕಾರು ಬಗೆಯ ಹಣ್ಣು ಹೆಚ್ಚಿ, ರಸದ ಸಮೇತ ಐಸಿನ ಹಾಗೆ ಗಟ್ಟಿ ಮಾಡಿರುತ್ತಾರೆ. "ಚಮಚ ಇಟ್ರೆ ಕರಕರ ಅನ್ನುತ್ತೆ. ಬಾಯೊಳಗೆ ಹೋದ್ಮೇಲೆ ಹಣ್ಣು. ವಾಸ್ನೇನೇ ಇರಲ್ಲ ಅದಕ್ಕೆ."

ಅತ್ತೆಯ ಅಕ್ಕ ಹೊಂಬಾಳಮ್ಮ ಪಕ್ಕದ ಮನೆಯವರು. ದಿನದ ಮುಕ್ಕಾಲು ಪಾಲು ನಮ್ಮಲ್ಲೇ ಇರುತ್ತಿದ್ದರು. ನಾವೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆವು. ನಗುವುದಿಲ್ಲ ಎಂದು ಅವರೇನೂ ಮಾತು ಕೊಟ್ಟಿರಲಿಲ್ಲ. "ನಮ್ ಕಾಲದಲ್ಲಿ ಹುಣಸೇಕಾಯಿ ಸಿಕ್ಕಿದ್ರೆ ಸಾಕಾಗಿತ್ತು. ಇವಳ ಹೊಟ್ಟೇಲಿರೋದು ಯಾವ್ದೋ ಸಾಹುಕಾರ್ರ ಕೂಸು ಕಣೇ ಸುವರ್ಣ!"

ಗಿರಿಜೆಯೂ ನಕ್ಕಳು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ತುಮಕೂರಿನಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿ ಬಂದ ಸೊಸೆ ನಾನು. ಆ ಸಲ ಕೊಬ್ಬರಿ ಮಾರಿದ ಮೇಲೆ ಮಾವ ಏಕಾಂತಯ್ಯ ತಂದು ನಡುಮನೆಯಲ್ಲಿ ಇಡಿಸಿದ್ದ ಫ್ರಿಜ್ಜಿನಲ್ಲಿ ನೀರಿನ ಬಾಟಲಿ, ಮಲ್ಲಿಗೆ ದಂಡೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅದಕ್ಕೂ ನನ್ನ ಓದಿಗೂ ಈಗ ಕೆಲಸ ಬಂದಿತ್ತು.

ಕಲ್ಲಂಗಡಿ, ಬಾಳೆ, ಮಾವು, ದ್ರಾಕ್ಷಿ ತರಿಸಿದೆ. ತೋಟದ ಎಳನೀರಿನ ಗಂಜಿಯನ್ನೂ ತೆಗೆದಿಟ್ಟೆ. ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚಿ, ಎಳನೀರಿಗೆ ಲೋಟದಿಂದ ಅಳೆದು ಸಕ್ಕರೆ ಕದಡಿ, ಸ್ಟೀಲ್ ಡಬ್ಬಿಗೆ ತುಂಬಿದೆ. ಐಸಿನ ಗೂಡಿಗೆ ಇಡುವ ಮೊದಲು ಸ್ನಾನಕ್ಕೆ ಹೋದೆ.

ಅತ್ತೆಯ ಮನೆಯಲ್ಲಿ ಒಂದು ರೂಢಿ ಇತ್ತು. ಬಸುರಿ ಮಗಳ ಬಯಕೆಗೆ ಏನು ಮಾಡಿದರೂ ಮನೆಯ ಹಿರಿಯರು ಒಬ್ಬೊಬ್ಬರೂ ತಮ್ಮ ಕೈಯಾರೆ ಅದಕ್ಕೊಂದು ಹಿಡಿ ಸಿಹಿ ಸೇರಿಸುತ್ತಿದ್ದರು. ಹೂರಣವಾದರೆ ಬೆಲ್ಲ, ಪಾಯಸವಾದರೆ ಸಕ್ಕರೆ. ಹೂರಣಕ್ಕೂ ಪಾಯಸಕ್ಕೂ ಅದರಿಂದ ಏನೂ ತೊಂದರೆಯಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಬ್ಬಿಯನ್ನು ಮುಚ್ಚಿಟ್ಟು ಅತ್ತೆ ಕೈ ಒರೆಸಿಕೊಳ್ಳುತ್ತಿದ್ದರು. ಅವರೂ ಸಕ್ಕರೆ ಹಾಕಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ಹಾಗೇ ಎತ್ತಿ ಗೂಡಿಗಿಟ್ಟೆ.

ಮರುದಿನ ಮುಚ್ಚಳ ತೆಗೆದರೆ ಹಣ್ಣಿನ ಚೂರುಗಳು ಪಾನಕದಲ್ಲಿ ಆರಾಮವಾಗಿ ತೇಲುತ್ತಿದ್ದವು. ಪಕ್ಕದ ತಟ್ಟೆಯ ನೀರು ಕಲ್ಲಾಗಿತ್ತು, ಇದು ಮಾತ್ರ ಅಲುಗಾಡುತ್ತಿತ್ತು.

"ಪೆಟ್ಟಿಗೇನೇ ಸರಿ ಇಲ್ಲ," ಎಂದರು ಮಾವ ಫ್ರಿಜ್ಜಿನ ಕಡೆ ನೋಡಿ. ಆಗತಾನೇ ಲಿಂಗಪೂಜೆ ಮುಗಿಸಿ ಬಂದಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಮಾರಿದೋನು ಟೋಪಿ ಹಾಕ್ದ. ನಾಳೆನೇ ಕೇಳ್ತೀನಿ ಅವನ್ನ."

"ಇರಲಿ ಬುಡಿ, ತಣ್ಣಗೈತಲ್ಲ, ಅಷ್ಟೇ ಸಾಕು," ಎಂದು ಅತ್ತೆ ಬಟ್ಟಲಿಗೆ ಬಗ್ಗಿಸಿದರು. ಗಿರಿಜೆ ಒಂದು ಚಮಚ ಬಾಯಿಗಿಟ್ಟಳು. ಎರಡನೆಯದನ್ನು ಅಮ್ಮನ ಮುಖ ನೋಡಿ ನುಂಗಿದಳು. ಮೂರನೆಯದಕ್ಕೆ ಬಟ್ಟಲು ಬಿಟ್ಟು ಹಿತ್ತಲಿಗೆ ಓಡಿದಳು. ನಾನು ಹಿಂದೆಯೇ ಹೋಗಿ ಬೆನ್ನು ಸವರಿದೆ.

"ಅಂಟುಸಿಹಿ ಅತ್ತಿಗೆ. ಜೊತೆಗೆ ಸ್ಟೀಲಿನ ವಾಸ್ನೆ," ಎಂದಳು ಕಣ್ಣೀರು ಒರೆಸಿಕೊಂಡು. "ಆಸ್ಪತ್ರೆಗೇ ಹೋಗ್ತೀನಿ ಬಿಡಿ. ಅಮ್ಮನ್ನ ನೋಡಕ್ಕಾಗ್ತಿಲ್ಲ ನಂಗೆ."

ಏನಾಗಿದೆ ಎಂಬುದು ನನಗೆ ಗೊತ್ತಿತ್ತು. ನೀರಿನಲ್ಲಿ ಕರಗಿದ ಸಕ್ಕರೆ ನೀರು ಗಟ್ಟಿಯಾಗಲು ಬಿಡುವುದಿಲ್ಲ. ಸಕ್ಕರೆ ಹೆಚ್ಚಿದಷ್ಟೂ ಹೆಚ್ಚು ಚಳಿ ಬೇಕು, ಅಷ್ಟು ಚಳಿ ನಮ್ಮ ಗೂಡಿನಲ್ಲಿರಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಪುಟಗಟ್ಟಲೆ ಬರೆದಿದ್ದೆ, ಅತ್ತೆಯ ಎದುರು ಒಂದು ಸಾಲೂ ಹೇಳಲಾಗಲಿಲ್ಲ. ಮಗಳು ಕಣ್ಣೆದುರೇ ಸೊರಗುತ್ತಿರುವಾಗ ಹಿಡಿ ಸಕ್ಕರೆ ಬಿಟ್ಟು ಆ ತಾಯಿಗೆ ಹಾಕಲು ಇನ್ನೇನೂ ಉಳಿದಿರಲಿಲ್ಲ. ಕೆಟ್ಟದ್ದು ಅದರಿಂದಲೇ ಎಂದು ಯಾವ ಬಾಯಿಂದ ಹೇಳಲಿ?

ಹೇಳದೆಯೇ ಸರಿಪಡಿಸುವ ದಾರಿ ಹೊಳೆಯಿತು. ನಾನು ಸಕ್ಕರೆ ಹಾಕುವುದೇ ಬೇಡ. ಎಳನೀರನ್ನು ಇನ್ನಷ್ಟು ಹುಯ್ದು, ಅವರ ಹಿಡಿಗಳಿಗೆ ಜಾಗ ಬಿಟ್ಟರಾಯಿತು. ಸ್ಟೀಲಿನ ಬದಲು ಕರಟ. ದೊಡ್ಡ ಕಾಯಿಗಳ ಕರಟ ಆರಿಸಿ, ಒಳಹೊರಗೆ ನಾರು ಹೋಗುವಂತೆ ಉಜ್ಜಿ ತೊಳೆದೆ. ಉರುಳದಂತೆ ಬಟ್ಟೆಯ ಸಿಂಬೆ ಸುತ್ತಿ ಮೇಲೆ ಕೂರಿಸಿ, ಹಣ್ಣು, ಎಳನೀರು ತುಂಬಿದೆ. ಗಿರಿಜೆ ಮಂಚದಿಂದಲೇ ನೋಡುತ್ತಿದ್ದಳು. ಸಕ್ಕರೆ ಯಾಕೆ ಹಾಕಲಿಲ್ಲ ಎಂದು ಕೇಳಿದಾಗ ಅವಳಿಗೊಬ್ಬಳಿಗೆ ಕಾರಣ ಹೇಳಿದೆ. ಕರಟಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬದ ಪಕ್ಕದಲ್ಲೇ ಇಟ್ಟು, ಬೇಕೆಂದೇ ಬಟ್ಟೆ ಒಗೆಯಲು ಹೋದೆ. ಸಾವಕಾಶವಾಗಿ ಒಗೆದೆ. ಬಂದು ನೋಡದೆಯೇ ಗೂಡಿಗೆ ಸೇರಿಸಿದೆ.

ಮರುದಿನ ಮಧ್ಯಾಹ್ನ ಕರಟಕ್ಕೆ ಚಮಚ ಇಟ್ಟರೆ ಟಣ್ ಎಂದಿತು. ಒತ್ತಿದರೆ ಚಮಚ ಬಗ್ಗಿತು.

"ಗಟ್ಟಿಯಾಗೈತೆ! ಪೆಟ್ಟಿಗೆ ಸರಿಯಾಗೈತೆ!" ಎಂದರು ಮಾವ.

"ಅತ್ತೆ, ನೀವು ಸಕ್ಕರೆ ಹಾಕಲಿಲ್ವಾ?" ಎಂದೆ.

ಅತ್ತೆ ತಪ್ಪು ಮಾಡಿದವರಂತೆ ಸೆರಗು ತಿರುವಿದರು. "ಗಿರಿಜ ಹೇಳಿದ್ಲು ಕಣೇ, ಸಕ್ರೆ ಬಿದ್ರೆ ಗಟ್ಟಿಯಾಗಲ್ವಂತೆ ಅಂತ. ಅದಕ್ಕೇ ಕೈ ಕಟ್ಕೊಂಡು ಕೂತಿದ್ದೆ. ಅಕ್ಕಂಗೂ ಹೇಳ್ದೆ."

"ಡಬ್ಬದ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ ಕಣವ್ವ," ಎಂದರು ದೊಡ್ಡಮ್ಮ. "ಜೀವ ತಡೀಲಿಲ್ಲ, ಆದ್ರೂ ತಡ್ಕೊಂಡೆ."

ಮಾವ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಮೊನ್ನೆ ನಾನು ಹಾಕಿದ್ದೂ ಸೇರ್ಕೊಂಡು ಕೆಡ್ತಾ?"

"ನೀವೇನ್ ಹಾಕಿದ್ರಿ?" ಎಂದರು ಅತ್ತೆ.

"ಒಂದಿಷ್ಟು ಕಲ್ಲುಸಕ್ಕರೆ. ಪೂಜೇದು. ಬರೀ ಹೆಂಗಸ್ರೇ ಹಾಕ್ಬೇಕಾ, ನನ್ ಮಗಳಲ್ವಾ ಅವ್ಳು?"

"ನೋಡ್ರಪ್ಪ, ಕಳ್ಳನ್ನ ಮನೇಲೇ ಇಟ್ಕೊಂಡು ಪೆಟ್ಟಿಗೆ ಮಾರಿದೋನ್ನ ಬೈತಿದ್ರು!" ಎಂದು ದೊಡ್ಡಮ್ಮ ಚಪ್ಪಾಳೆ ತಟ್ಟಿದರು.

ನಾನು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಮೇಲಿಂದ ಸಕ್ಕರೆ ಚೂರೂ ಬೀಳದ ಎಳನೀರು ಹಣ್ಣನ್ನು ಹುದುಗಿಸಿಕೊಂಡು ಬಂಡೆಯಾಗಿತ್ತು. ಕರಗಲು ಬಿಟ್ಟರೆ ಮತ್ತೆ ನೀರು. ಕುಟ್ಟಿದರೆ ಹಲ್ಲು ಮುರಿಯುವ ಚೂರು. ಒಳಗೆ ಗಿರಿಜೆ ಕಾಯುತ್ತಿದ್ದಳು, ವಾರ ಮುಗಿಯುತ್ತ ಬಂದಿತ್ತು.

ಅತ್ತೆ ಕರಟವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅರ್ಧ ಹೋಳು ಕಾಯಿ ಹಿಡಿದಂತೆಯೇ ಹಿಡಿದಿದ್ದರು. ನನ್ನನ್ನೇನೂ ಕೇಳದೆ ತುರಿಯುವ ಮಣೆ ಎಳೆದು, ಕಾಲು ಮಡಿಸಿ ಕುಳಿತು, ಅದರ ಹಲ್ಲಿಗೆ ಕರಟ ಒತ್ತಿದರು. ಕರ್ರ್ ಎಂದಿತು. ತಟ್ಟೆಗೆ ಬಿಳಿಯ ತುರಿ ಉದುರಿತು. ನಡುವೆ ಮಾವಿನ ಹಳದಿ, ಕಲ್ಲಂಗಡಿಯ ಕೆಂಪು.

"ಕಾಯಿತುರಿ ಥರಾನೇ ಬೀಳ್ತೈತೆ!" ಎಂದರು ದೊಡ್ಡಮ್ಮ ಬಗ್ಗಿ ನೋಡಿ.

"ತಟ್ಟೆ ತಗೊಂಡ್ ಹೋಗೇ ವಿಮ್ಲಾ, ಕರಗೋಗುತ್ತೆ!" ಎಂದು ಅತ್ತೆ ನನ್ನನ್ನು ಅವಸರಪಡಿಸಿದರು.

ನಾನು ತುರಿಯನ್ನು ಬಾಳೆಎಲೆಯ ದೊನ್ನೆಗೆ ತುಂಬಿದೆ. ಸಕ್ಕರೆ ಡಬ್ಬವನ್ನು ಅವರ ಕಡೆಗೆ ಚಾಚಿದೆ. "ಈಗ ಹಾಕಬಹುದು. ಈಗೇನೂ ಆಗಲ್ಲ. ಹಿಡಿ ಬೇಡ, ಚಿಟಿಕೆ." ಅತ್ತೆ ಒದ್ದೆ ಬೆರಳಿನಿಂದ ಉದುರಿಸಿದರು. ದೊಡ್ಡಮ್ಮ ಉದುರಿಸಿದರು. ಮಾವ ಇಬ್ಬರಿಗಿಂತ ಹೆಚ್ಚು ಹಿಡಿದಿದ್ದರು, ನನ್ನ ಮುಖ ನೋಡಿ ಅರ್ಧ ವಾಪಸ್ಸು ಹಾಕಿದರು.

ಗಿರಿಜೆ ಎದ್ದು ಕುಳಿತಳು. ಮೊದಲು ಮೂಸಿದಳು. ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದುಕೊಂಡಳು. ನಾವು ಯಾರೂ ಅವಳನ್ನು ನೋಡುತ್ತಿರಲಿಲ್ಲ, ಅಂದರೆ ನೋಡುತ್ತಿಲ್ಲ ಎಂದು ತೋರಿಸಿಕೊಳ್ಳುತ್ತಿದ್ದೆವು. ಮಾವ ಕಿಟಕಿಯ ಸರಳು ಎಣಿಸುವವರಂತೆ ನಿಂತಿದ್ದರು. ಅಡುಗೆಮನೆಯಲ್ಲಿ ಮಣೆಯ ಸದ್ದು ಮಾತ್ರ ನಿಲ್ಲಲಿಲ್ಲ. ದೊನ್ನೆ ಬರಿದಾಯಿತು. ಅವಳು ಅದನ್ನು ಮೆಲ್ಲಗೆ ನನ್ನ ಕಡೆ ನೀಡಿದಳು. ಇನ್ನೊಂದು ತುಂಬಿಕೊಟ್ಟೆ. ಅದೂ ಬರಿದಾಯಿತು. ಹಿತ್ತಲಿನ ಬಾಗಿಲು ತೆರೆದೇ ಇತ್ತು, ಅವಳು ಏಳಲಿಲ್ಲ. ಸುಮ್ಮನೆ ದಿಂಬಿಗೆ ಒರಗಿ ತುಟಿ ಒರೆಸಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ, "ಅಮ್ಮಾ," ಎಂದು ಕೂಗಿದಳು. "ಮಧ್ಯಾಹ್ನದ ಅನ್ನ ಐತಾ?"

ಮಣೆಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದರು. "ಯಾರಿಗೇ?"

"ನಂಗೇ. ಮೊಸ್ರು ಹಾಕಿ ಕಲಸು. ಒಗ್ಗರಣೆ ಬೇಡ."

ಅತ್ತೆ ಓಡಿಹೋಗಿ ಬಟ್ಟಲಿಗೆ ಅನ್ನ ಹಾಕಿಕೊಂಡರು. ಮೊಸರು ಸುರಿದು ಕೈಯಿಟ್ಟರೆ ಬೆರಳು ಮಡಚಲಾಗಲಿಲ್ಲ. ಐಸು ತುರಿದು ತುರಿದು ಮರಗಟ್ಟಿ ಕೆಂಪಾಗಿದ್ದವು. ಎರಡು ಸಲ ಪ್ರಯತ್ನಿಸಿ, ಅಳುವಂತೆಯೂ ನಗುವಂತೆಯೂ ಬಟ್ಟಲನ್ನು ನನ್ನ ಕಡೆ ತಳ್ಳಿದರು.

"ನನ್ ಕೈ ಬರ್ತಿಲ್ಲ ಕಣೇ. ನೀನೇ ಕಲಸು ತಾಯಿ. ಬೇಗ, ಅವಳ ಮನಸ್ಸು ಬದಲಾಗೋದ್ರೊಳಗೆ."

ಎಷ್ಟು ಉಪ್ಪು ಹಾಕಿದೆನೆಂದು ನೋಡಲಿಲ್ಲ. ಕೈತುಂಬ ಹಿಸುಕಿ ಕಲಸಿ ತೆಗೆದುಕೊಂಡು ಹೋದೆ. ಗಿರಿಜೆ ಬಾಯಿ ತೆರೆದು ಕಾಯುತ್ತಿದ್ದಳು.