ಸಾಸಿವೆಯಷ್ಟು ಗುಳ್ಳೆ

ರೇಡಿಯೇಟರ್ ರಿಪೇರಿಯಲ್ಲಿ ಸುಳ್ಳು ನಡೆಯುವುದಿಲ್ಲ ಎಂದು ಮಾವ ಹೇಳುತ್ತಿದ್ದ. ಬೆಸುಗೆ ಹಾಕಿದ ಮೇಲೆ ಬಾಯಿಗಳಿಗೆಲ್ಲ ಬಿರಡೆ ಜಡಿದು, ಒಂದರಿಂದ ಗಾಳಿ ತುಂಬಿ, ಸಿಮೆಂಟು ತೊಟ್ಟಿಯ ನೀರಲ್ಲಿ ಮುಳುಗಿಸಬೇಕು. ತೂತು ಉಳಿದಿದ್ದರೆ ಗುಳ್ಳೆ ಎದ್ದು ಬರುತ್ತದೆ. ಆ ಅಂಗಡಿಯಲ್ಲಿ ಇದ್ದದ್ದು ಒಂದೇ ಕಟ್ಟಳೆ: ಬೆಸುಗೆ ಹಾಕಿದವನೇ ನೀರು ನೋಡಬೇಕು. ಮಿಕ್ಕವರು ಗಾಳಿ ಹೊಡೆಯಬಹುದು, ಬಾಯಿ ತೆರೆಯುವಂತಿಲ್ಲ.

ಮೂವತ್ತು ವರ್ಷದಿಂದ ಬೆಸುಗೆ ಮಾವನದು. ಗಾಳಿ ಹೊಡೆಯುವವನು ಅಳಿಯ, ಅಂದರೆ ಅಕ್ಕನ ಮಗ. ಎಂಟನೇ ಕ್ಲಾಸಿನಲ್ಲಿ ಪುಸ್ತಕ ಎಸೆದು ಬಂದವನನ್ನು ಸಾಕಿ, ಬೈದು, ಕೆಲಸ ಕಲಿಸಿದ್ದು ಈ ಮಾವನೇ. ಈಗ ಅವನಿಗೆ ಇಪ್ಪತ್ತಾರು. ಒಂದು ವರ್ಷದಿಂದ ಅವನಿಗೆ ಒಳಗೊಳಗೇ ಸಿಟ್ಟು. ಮಾವನಿಗೆ ಕಣ್ಣು ಹೋಗುತ್ತಿತ್ತು. ದಾರಿ ಕಾಣುತ್ತಿತ್ತು, ಮುಖ ಅಂದಾಜಾಗುತ್ತಿತ್ತು, ಗುಳ್ಳೆ ಕಾಣುತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನ ಹಾಗೆ ತೊಟ್ಟಿಯ ಮೇಲೆ ಬಾಗಿ ನಿಂತು, ಕೊನೆಗೆ "ಒಣಗ್ಸು" ಎನ್ನುತ್ತಿದ್ದ. ಗುಳ್ಳೆ ಕಾಣುತ್ತಿದ್ದದ್ದು ಅಳಿಯನಿಗೆ. ಅವನು ಗಿರಾಕಿಗೆ ಸಂಜೆ ಬನ್ನಿ ಎಂದು ಹೇಳಿ ಕಳಿಸಿ, ಮಾವ ಊಟಕ್ಕೆ ಮನೆಗೆ ಹೋದಾಗ ಬೆಸುಗೆ ಕಡ್ಡಿ ಕಾಯಿಸಿ ಆ ಜಾಗ ಮುಚ್ಚುತ್ತಿದ್ದ. ನೆಟ್ಟಗಿನ ಕೆಲಸವನ್ನು ಕಳ್ಳನ ಹಾಗೆ ಮಾಡಬೇಕಾದ ಕರ್ಮ. ಯಾರನ್ನು ಬೈಯಬೇಕೋ ತಿಳಿಯದೆ ಸ್ಪ್ಯಾನರುಗಳನ್ನು ಬೈಯುತ್ತಿದ್ದ.

ಆ ದಿನ ಬೆಳಿಗ್ಗೆ ಬಂದದ್ದು ಹೆಣ ಸಾಗಿಸುವ ವ್ಯಾನು. ಅದರ ಡ್ರೈವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕೊನೇಬಸ್ಸು ಎಂದೇ. ವ್ಯಾನಿನಡಿ ಹಸಿರು ನೀರು ತೊಟ್ಟಿಕ್ಕುತ್ತಿತ್ತು.

"ಬೇಗ ಆಗ್ಬೇಕು ಮೇಸ್ತ್ರಿ," ಎಂದ ಕೊನೇಬಸ್ಸು. "ಆಸ್ಪತ್ರೇಲಿ ಒಬ್ರು ಕಾಯ್ತಿದಾರೆ. ಅವರೂರಿಗೆ ಐದು ಗಂಟೆ ದಾರಿ."

"ಸತ್ತೋರಿಗೆ ಎಂಥ ಅವಸರ?" ಮಾವ ಬಾನೆಟ್ಟಿನೊಳಗೆ ಕೈ ಹಾಕಿದ.

"ಅವರಿಗೆಲ್ಲಿ? ಇವತ್ತಿನವರೆಗೆ ನನ್ ಗಿರಾಕಿ ಒಬ್ರೂ ಲೇಟಾಯ್ತು ಅಂತ ಬೈದಿಲ್ಲ. ಬೈಯೋರೆಲ್ಲ ಬದುಕಿರೋರು. ಮಗ ಒಬ್ಬ ಇದಾನೆ, ಕಿವಿ ತಿಂತಿದಾನೆ."

"ಎಂಜಿನ್ ಕಾಯ್ತಿರೋದು ಮೀಟ್ರಲ್ಲಿ ಗೊತ್ತಾಗ್ಲಿಲ್ವಾ?" ಅಳಿಯ ಕೇಳಿದ.

"ಅದರ ಮುಳ್ಳು ಮಲಗಿ ಮೂರು ವರ್ಷ ಆಯ್ತಪ್ಪ. ನನ್ ವ್ಯಾನಲ್ಲಿ ಎಲ್ರೂ ಮಲ್ಗೋರೇ."

ಮಾವ ನಕ್ಕ. ಅಳಿಯ ನಗಲಿಲ್ಲ. ರೇಡಿಯೇಟರ್ ಬಿಚ್ಚಿ ಬೆಳಕಿಗೆ ಹಿಡಿದ. ಕೊಳವೆಗಳು ಮೇಲಿನ ಡಬ್ಬಕ್ಕೆ ಸೇರುವ ಸಾಲು ಪೂರಾ ಹಸಿರು ಹಿಡಿದು ಸವೆದಿತ್ತು.

"ಇದು ಹೋಯ್ತು ಮಾವ. ಹೊಸದು ಹಾಕಣ."

"ಹಿತ್ತಾಳೆ ಕಣೋ, ಪ್ಲಾಸ್ಟಿಕ್ ಡಬ್ಬ ಅಲ್ಲ. ಹೊಸದು ಬರೋಕೆ ಎರಡು ದಿನ. ಅಲ್ಲೀವರೆಗೆ ಹೆಣ ಕೂತಿರುತ್ತಾ? ಬರ್ನರ್ ಹಚ್ಚು."

ಹಚ್ಚಿದ. ಮಾವನ ಕೈಗೆ ಕಣ್ಣಿನ ಹಂಗಿರಲಿಲ್ಲ. ಬೆಳ್ಳಿಯಂಥ ಬೆಸುಗೆ ಸಾಲಿನುದ್ದಕ್ಕೂ ಹರಿದು ಕೂತಿತು. ಈ ಕೈಯನ್ನು ನೋಡುವಾಗೆಲ್ಲ ಅಳಿಯನ ಸಿಟ್ಟಿಗೆ ದಾರಿ ಸಿಗುತ್ತಿರಲಿಲ್ಲ. ಕೈ ಕೆಟ್ಟಿದ್ದರೆ ಹೇಳಿಬಿಡುವುದು ಸುಲಭವಿತ್ತು.

ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದರು. ಬಲಮೂಲೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಬೆನ್ನಿಗೆ ಒಂದು, ದಾರದ ಹಾಗೆ ಮೇಲೆದ್ದವು. ಮಾವ ನೀರಿಗೆ ಮೂಗು ತಾಗುವಷ್ಟು ಬಾಗಿದ್ದ.

"ಒಣಗ್ಸು."

"ಇರಿ ಮೇಸ್ತ್ರಿ, ಆ ಮೂಲೇಲಿ ಏನೋ ಬರ್ತಿದೆಯಲ್ಲ?" ಕೊನೇಬಸ್ಸು ಬೆರಳು ತೋರಿಸಿದ.

ಮಾವ ನೀರಿನ ಕಡೆ ತಿರುಗಲಿಲ್ಲ. ಅಳಿಯನ ಕಡೆ ತಿರುಗಿದ. ಹದಿಮೂರು ವರ್ಷದಲ್ಲಿ ಕೆಲಸದ ವಿಷಯಕ್ಕೆ ಆ ಮುಖ ಅವನನ್ನು ಏನೂ ಕೇಳಿರಲಿಲ್ಲ. ಈಗ ಕೇಳುತ್ತಿತ್ತು, ಅದೂ ಹೊರಗಿನವನ ಎದುರಿಗೆ. ಮಧ್ಯಾಹ್ನದವರೆಗೆ ಕಾಯಿಸಲು ನೆಪವಿರಲಿಲ್ಲ. ಕೊನೇಬಸ್ಸಿನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು.

"ತಗಡಿನ ಸಂದೀಲಿ ಸಿಕ್ಕಿಕೊಂಡಿರೋ ಗಾಳಿ ಅದು," ಎಂದ ಅಳಿಯ. "ಹಂಗೇ ಬರುತ್ತೆ."

ವ್ಯಾನು ಹೊರಡುವಾಗ ಎರಡು ಕ್ಯಾನ್ ನೀರು ಇಟ್ಟು, "ಅರ್ಧ ಗಂಟೆಗೊಂದ್ಸಲ ನಿಲ್ಸಿ ನೋಡಿ, ಮರೀಬೇಡಿ," ಎಂದು ಅಳಿಯ ಕೊನೇಬಸ್ಸಿನ ಕಿವಿಯಲ್ಲಿ ಹೇಳಿದ.

ನಿಲ್ಲಿಸಲು ಸತ್ತವನ ಮಗ ಬಿಡಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೊನೇಬಸ್ಸಿನ ಫೋನು ಬಂತು. ಏರು ಹತ್ತುವಾಗ ಹೊಗೆ ಎದ್ದು ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತ್ತು. ಬೇರೆ ವ್ಯಾನು ಬರಬೇಕು, ಗಂಟೆಗಟ್ಟಲೆ ಆಗುತ್ತದೆ. ಅಳಿಯ ಬೈಕು ತೆಗೆದ. ಮಾವ ಹಿಂದೆ ಹತ್ತಿದ.

ನೆರಳೇ ಇಲ್ಲದ ರಸ್ತೆ. ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಪೆಟ್ಟಿಗೆಯ ಪಕ್ಕ ಸತ್ತವನ ಹೆಂಡತಿ ಕೂತು, ಮಡಿಸಿದ ಪೇಪರಿನಿಂದ ನೊಣ ಓಡಿಸುತ್ತಿದ್ದಳು. ಮಗ ಸ್ವಲ್ಪ ದೂರದಲ್ಲಿ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ಕೊನೇಬಸ್ಸಿನ ಬಾಯಲ್ಲಿ ಈಗ ತಮಾಷೆ ಉಳಿದಿರಲಿಲ್ಲ.

ಮಾವ ಬಾನೆಟ್ಟಿನೊಳಗೆ ಕೈಯಿಳಿಸಿ ಬೆಸುಗೆಯ ಸಾಲನ್ನು ಹೆಬ್ಬೆರಳಿನಿಂದ ಸವರುತ್ತ ಹೋದ. ಬಲಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲಿ."

"ಹ್ಞೂಂ."

"ನಿಂಗೆ ಕಂಡಿತ್ತು."

"ಕಂಡಿತ್ತು ಮಾವ."

"ಇದಕ್ಕೆ ಮುಂಚೇನೂ?"

ಅಳಿಯ ಟೈರು ನೋಡುತ್ತ ನಿಂತ. ಮಾವನೇ ಒಂದೊಂದಾಗಿ ಕೇಳಿದ. "ಆ ಬಿಳೀ ಟ್ಯಾಕ್ಸಿ?"

"ಹ್ಞೂಂ. ಆಮೇಲೆ ನಾನು ಮುಚ್ಚಿದೆ."

"ಡಾಕ್ಟ್ರಮ್ಮನ ಕಾರು?"

"ಅದೂನೂ."

"ಶಾಲೆ ವ್ಯಾನು? ಆ ಡ್ರೈವರು ಬಂದು ನನ್ನ ಕೈ ಹಿಡ್ಕೊಂಡು, ನಿಮ್ಮಂಥೋರು ಈಗೆಲ್ಲಿ ಸಿಗ್ತಾರೆ ಅಂದಿದ್ನಲ್ಲ..."

ಇಲ್ಲ ಎಂದುಬಿಡಬಹುದಿತ್ತು. ಆದರೆ ಬೆಳಿಗ್ಗೆ ಹಾಗೆ ಹೇಳಿದ ಒಂದು ಮಾತು ಪೆಟ್ಟಿಗೆ ಸಮೇತ ಎದುರಿಗೇ ಬಿಸಿಲಲ್ಲಿ ನಿಂತಿತ್ತು. "ಅದೂನೂ ಮಾವ."

ಮಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಗ ನಿಂತಿದ್ದ ಕಡೆ ನಡೆದ. ದನಿ ಬಂದ ದಿಕ್ಕಿಗೆ ನಡೆದಿದ್ದರಿಂದ ಒಂದು ಮೊಳ ಆಚೆ ಹೋಗಿ ನಿಂತು, ಮತ್ತೆ ತಿರುಗಿದ.

"ರಿಪೇರಿ ಮಾಡ್ದೋನು ನಾನು," ಎಂದ. "ನಂಗೆ ಕಣ್ಣು ಕಾಣಲ್ಲ. ತೂತು ಉಳಿದಿದ್ದು ಕಾಣ್ಲಿಲ್ಲ. ತಪ್ಪಾಯ್ತು."

ಮಗನಿಗೆ ಬೈಯಲು ಕೊನೆಗೂ ಒಂದು ಮುಖ ಸಿಕ್ಕಿತು. "ಕಣ್ಣು ಕಾಣ್ದಿದ್ರೆ ಮನೇಲಿ ಬಿದ್ದಿರ್ಬೇಕು. ಅಂಗಡಿ ತೆಗೆದು ಕೂತ್ಕೊಳ್ಳೋಕೆ ನಾಚ್ಕೆ ಆಗಲ್ವಾ? ಅಲ್ನೋಡಿ ನಮ್ಮಮ್ಮನ್ನ. ಬೆಂದುಹೋಗ್ತಿದಾಳೆ. ನೋಡಿ ಅಂದ್ರೆ. ಓ, ನಿಮಗೆ ಕಾಣಲ್ಲ ಅಲ್ವಾ."

ಅಳಿಯ ಮುಂದೆ ನುಗ್ಗಿದ. ನನಗೆ ಕಂಡಿತ್ತು ಕಣಯ್ಯ, ಕಂಡೂ ಕಳಿಸಿದವನು ನಾನು, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾವ ಅವನ ಮಣಿಕಟ್ಟಿಗೆಂದು ಕೈ ಬೀಸಿದ. ಸಿಕ್ಕಿದ್ದು ಅಂಗಿಯ ತೋಳು. ಅದನ್ನೇ ಗಟ್ಟಿಯಾಗಿ ತಿರುಚಿ ಹಿಡಿದ.

"ಸುಮ್ನಿರು," ಎಂದ, ಅವನಿಗಷ್ಟೇ ಕೇಳುವಂತೆ. "ನಂದು ಮುಗೀತು. ನೀನಿನ್ನೂ ಈ ಕೆಲಸ ಮಾಡಿ ಬದುಕ್ಬೇಕು."

ಮಾವನ ಬೆರಳಿಗೆ ಅಷ್ಟೇನೂ ಬಲವಿರಲಿಲ್ಲ. ಕೊಡವಿ ಬಿಡಿಸಿಕೊಳ್ಳಬಹುದಿತ್ತು. ಅಳಿಯ ಬಿಡಿಸಿಕೊಳ್ಳಲಿಲ್ಲ.

ಮೂರೂವರೆಗೆ ಬೇರೆ ವ್ಯಾನು ಬಂತು. ಪೆಟ್ಟಿಗೆ ಇಳಿಸಲು ಮಾವನೂ ಕೈ ಚಾಚಿದಾಗ ಮಗ, "ನೀವು ಮುಟ್ಬೇಡಿ, ಎಲ್ಲಾದ್ರೂ ಎಡವಿ ಬೀಳಿಸ್ತೀರ," ಎಂದ. ಮಾವ ರಸ್ತೆಯಂಚಿಗೆ ಸರಿದು ನಿಂತ. ಮಾವ ಬಿಟ್ಟ ಮೂಲೆಗೆ ಅಳಿಯ ಹೆಗಲು ಕೊಟ್ಟ. ಪೆಟ್ಟಿಗೆ ಭಾರವಿತ್ತು. ಸತ್ತವನ ಹೆಂಡತಿ ಕೆಳಗಿಳಿದು ಅಳಿಯನ ಮುಖ ನೋಡಿ, "ನಿಂಗೆ ಪುಣ್ಯ ಬರ್ಲಪ್ಪ," ಎಂದಳು. ಅವನು ಹೆಗಲು ಒರೆಸಿಕೊಂಡು ಮಾವ ನಿಂತಿದ್ದ ಕಡೆ ನಡೆದ.