ಎಂಜಿನ್ ಹಲಗೆಯ ಮೊಳೆಗಳು

ಮಾರ್ವೆ ಕಡಲತೀರದ ಮರಳಿನ ಮೇಲೆ ಕೂತಿದ್ದ ಹಳೆಯ ಫೈಬರ್ ದೋಣಿಗೆ ಪೂವಪ್ಪ ಎರಡು ಸುತ್ತು ಬಂದ. ಎಂಟು ವರ್ಷದ ದೋಣಿ. ಮೇಲೆ ಹೊಸ ನೀಲಿ ಬಣ್ಣ.

"ಮಾರುವವ ಬಣ್ಣ ಬಳಿದಿದ್ದಾನೆ ಅಂದರೆ ಏನೋ ಮುಚ್ಚಿಟ್ಟಿದ್ದಾನೆ," ಎಂದು ಗೊಣಗಿದ.

"ಮದುಮಗಳು ಪೌಡರ್ ಹಚ್ಚಿದರೂ ನಿಮಗೆ ಮೋಸವೇ, ಪೂವಪ್ಪಣ್ಣ," ಎಂದು ಐತ ನಕ್ಕ.

ಐತ, ಶೀಲಾವತಿಯ ತಮ್ಮ. ಶೀಲಾವತಿ, ಪೂವಪ್ಪನ ತಮ್ಮ ಅಣ್ಣುವಿನ ಹೆಂಡತಿ. ಅಣ್ಣು ಕಡಲಿಗೆ ಹೋದವನು ವಾಪಸು ಬಾರದೆ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವಳು ಮಲಾಡ್ ಮಾರುಕಟ್ಟೆಯಲ್ಲಿ ಬೇರೆಯವರ ಮೀನು ಮಾರಿಕೊಂಡಿದ್ದಳು. ಈಗ ಬಳೆ ಮಾರಿ ಈ ದೋಣಿ ಕೊಳ್ಳುವುದು, ಐತ ಮೀನಿಗೆ ಹೋಗುವುದು ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ದೋಣಿ ಪರೀಕ್ಷೆಗೆ ಭಾವನನ್ನು ಕರೆತಂದಿದ್ದಳು. ಬಾಯಿ ಒರಟಾದರೂ ಅವನ ಕಣ್ಣಿನ ಮೇಲೆ ಅವಳಿಗೆ ನಂಬಿಕೆ.

ಪೂವಪ್ಪ ಕಿಸೆಯಿಂದ ರೂಪಾಯಿ ನಾಣ್ಯ ತೆಗೆದು ಮೂತಿಯಿಂದ ಹಿಂದಕ್ಕೆ ದೋಣಿಯ ಮೈ ಕುಟ್ಟುತ್ತ ಬಂದ. ಟಣ್ ಟಣ್ ಎಂಬ ಗಟ್ಟಿ ಸದ್ದು. ಹಿಂಬದಿಯಲ್ಲಿ ಎಂಜಿನ್ ತೂಗುಹಾಕುವ ಹಲಗೆಗೆ ಬಂದಾಗ ಸದ್ದು ಸತ್ತಿತು. ಒದ್ದೆ ಗೋಣಿಗೆ ಬಡಿದ ಹಾಗೆ. ಬಗ್ಗಿ ನೋಡಿದ. ಬಣ್ಣದ ಅಡಿಯಲ್ಲಿ ಸಾಲಾಗಿ ಮೂರು ತೂತು. ಆಯುಧಪೂಜೆಗೆ ಎಂಜಿನ್ನಿನ ಹಾರ, ನಿಂಬೆಹಣ್ಣು ಕಟ್ಟಲು ಯಾರೋ ಮೊಳೆ ಹೊಡೆದಿದ್ದರು.

ಅವನ ಕೈ ಅಲ್ಲೇ ನಿಂತಿತು.

"ಬೇಡ. ನಡೀರಿ. ಹಲಗೆ ಕೊಳೆತಿದೆ."

"ಮೂರು ತೂತಿಗೆ ದೋಣಿ ಬಿಡುವುದುಂಟಾ?" ಎಂದ ಐತ. "ಮುಚ್ಚಿಸಿದರೆ ಆಯಿತಪ್ಪ."

"ಬಾಯಿ ಮುಚ್ಚು. ನಿನಗೆಂಥ ಗೊತ್ತುಂಟು?"

ಶೀಲಾವತಿ ಮುಂದೆ ಬಂದಳು. "ಭಾವ, ನೀವು ಬೇಡ ಅಂದ ನಾಲ್ಕನೇ ದೋಣಿ ಇದು. ಸಾಯುವವರೆಗೆ ನಾನು ಬೇರೆಯವರ ಬುಟ್ಟಿಯೇ ಹೊರಬೇಕಾ? ಸರಿಯಾದ ಕಾರಣ ಹೇಳಿ. ಇಲ್ಲದಿದ್ದರೆ ಇವತ್ತೇ ಮುಂಗಡ ಕೊಡುತ್ತೇನೆ."

ಪೂವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಯಾರಿಗೆ ಬೈಯುವುದೆಂದು ತಿಳಿಯದೆ ಹಾಗೇ ಇಳಿಯಿತು. ಮರಳು ನೋಡುತ್ತ ಹೇಳಿದ.

"ಅಣ್ಣುವಿನ ಫೈಬರ್ ದೋಣಿಗೂ ಹೀಗೇ ಮೊಳೆ ಇತ್ತು. ಹೊಡೆದದ್ದು ನಾನು. ಮರದ ದೋಣಿಯಲ್ಲಿ ಬೆಳೆದವ ನಾನು. ಮರ ನೀರು ಕುಡಿದು ಉಬ್ಬಿ ಮೊಳೆಯನ್ನು ಕಚ್ಚಿಕೊಳ್ಳುತ್ತದೆ. ಫೈಬರ್ ಹೊದಿಸಿದ ಹಲಗೆ ಹಾಗಲ್ಲ. ತೂತಿನಲ್ಲಿ ಇಳಿದ ನೀರು ಹೊರಗೆ ಬರುವುದಿಲ್ಲ. ಮೇಲೆ ಫೈಬರ್ ಹೊಳೆಯುತ್ತಿರುತ್ತದೆ, ಒಳಗೆ ಹಲಗೆ ಕೊಳೆಯುತ್ತದೆ. ಖಾಲಿ ದೋಣಿ ದಡಕ್ಕೆ ಬಂದಾಗ ಮೊದಲು ನೋಡಿದ್ದು ನಾನೇ. ಹಲಗೆ ಕಿತ್ತು ಎಂಜಿನ್ ಹೋಗಿತ್ತು. ಉಳಿದ ತುಂಡು ಕೈಯಲ್ಲಿ ಹಿಟ್ಟಾಯಿತು. ದೊಡ್ಡ ತೆರೆ ಬಡಿಯಿತು ಅಂತ ಜನ ಹೇಳಿದರು. ನಾನು ಸುಮ್ಮನಿದ್ದೆ."

ಐತ ತಲೆ ತಗ್ಗಿಸಿದ. ಶೀಲಾವತಿ ಬಗ್ಗಿ ಕಿರುಬೆರಳ ಉಗುರಿನಿಂದ ಒಂದು ತೂತನ್ನು ಕೆರೆದಳು. ಬೆರಳ ತುದಿಯಲ್ಲಿ ಕಪ್ಪು ಪುಡಿ.

"ಮೊಳೆ ಹೊಡೆಯುವಾಗ ಅವರು ಏನೂ ಹೇಳಲಿಲ್ಲವಾ?"

ಪೂವಪ್ಪ ಇಲ್ಲ ಎಂದುಬಿಡಬಹುದಿತ್ತು.

"ಬೇಡ ಅಣ್ಣ, ಇದಕ್ಕೆ ಹೊಡೆಯಬಾರದಂತೆ ಅಂದ. ದೇವರ ಕೆಲಸಕ್ಕೆ ಎದುರು ಮಾತಾಡ್ತೀಯಾ ಅಂತ ಬೈದೆ. ಆಮೇಲೆ ಅವನೇ ಸುತ್ತಿಗೆ ತಂದುಕೊಟ್ಟ."

ಅವಳು ಸೆರಗಿಗೆ ಬೆರಳು ಒರೆಸಿಕೊಂಡಳು. ದೋಣಿ ಬೇಡವೆಂದು ಯಜಮಾನನಿಗೆ ಹೇಳಿ ಬರಲು ಐತನನ್ನು ಕಳಿಸಿದಳು. ದಾರಿಯ ತುದಿಯಲ್ಲಿ ಮಲಾಡ್ ಸ್ಟೇಷನ್ನಿನ ಬಸ್ಸು ನಿಂತಿತ್ತು, ಮುಕ್ಕಾಲು ಖಾಲಿ.

"ನಾವು ಇದರಲ್ಲಿ ಹೋಗುತ್ತೇವೆ," ಎಂದಳು, ಅವನ ಮುಖ ನೋಡದೆ. "ನೀವು ಮುಂದಿನ ಬಸ್ಸಿಗೆ ಬನ್ನಿ, ಭಾವ."