ಯಾರೂ ಕೂಗದಿದ್ದರೆ

ಯಾರೂ ಕೂಗಲಿಲ್ಲ ಎಂದರೆ ಯಾರಿಗೂ ಬೇಡ ಎಂದೇ ಅರ್ಥವೇ? ಕೂಗುವ ಅಭ್ಯಾಸವೇ ಇಲ್ಲದವರೂ ಇರುತ್ತಾರಲ್ಲ. ಊಟಕ್ಕೆ ಕರೆಯುವುದನ್ನು ಮರೆತರೂ ಎದ್ದು ಕೇಳದೆ ಕೂರುವವನು ತಾನು. ಹಾಗಂತ ಹಸಿವಿಲ್ಲ ಎಂದಾದೀತೇ? ಸುರೇಂದ್ರ ಮೌಸಿನ ಮೇಲೆ ಬೆರಳಿಟ್ಟುಕೊಂಡು ಯೋಚಿಸುತ್ತಿದ್ದ. ಪರದೆಯ ಮೇಲೆ 'ಬೆಳ್ಳೂರು' ಎಂಬ ಹೆಸರಿತ್ತು. ಬೆಳ್ಳೂರಿನ ಹಾಲಿನ ಕೇಂದ್ರ ಹೋದ ವರ್ಷವೇ ಮುಚ್ಚಿತ್ತು. ಒತ್ತಿದ. ಹೆಸರಿನ ಪಕ್ಕದ ಹಸಿರು ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗಿತು. ಅಷ್ಟೇ.

ಕಿರಂಗೂರಿನ ಆಚೆ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಖಾಸಗಿ ಹಾಲಿನ ಕಂಪನಿ ಅದು. ಅದರ ಸರ್ವರ್ ಕೋಣೆಯಲ್ಲಿ ಮೂರು ದೊಡ್ಡ ಸರ್ವರುಗಳು. ಅವುಗಳ ಒಳಗೆ, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ, ಮೂವತ್ತು ಚಿಲ್ಲರೆ ವರ್ಚುವಲ್ ಯಂತ್ರಗಳು. ಸಂಬಳಕ್ಕೊಂದು, ಲಾರಿಗಳಿಗೊಂದು, ಒಂದೊಂದು ಹಾಲಿನ ಕೇಂದ್ರಕ್ಕೆ ಒಂದೊಂದು. ಕೈಗೆ ಸಿಗದಿದ್ದರೂ ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಎಂಬಂತೆ ದುಡಿಯುತ್ತಿತ್ತು. ಈಗ ಎಲ್ಲವನ್ನೂ ಕ್ಲೌಡಿಗೆ, ಅಂದರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಸರ್ವರುಗಳಿಗೆ, ಸಾಗಿಸಬೇಕಿತ್ತು. ಬಾಡಿಗೆ ಜಾಗಕ್ಕೆ ಬೇಡದ್ದನ್ನು ಹೊತ್ತೊಯ್ಯುವಂತಿಲ್ಲ. ಯಾವುದು ಬೇಡ ಎಂದು ತಿಳಿಯಲು ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಅನುಮಾನ ಬಂದ ಯಂತ್ರವನ್ನು ದೀಪದಂತೆ ಆರಿಸಿ ಎರಡು ವಾರ ಕಾಯುವುದು. ಯಾರಾದರೂ ಕೂಗಿದರೆ ಮತ್ತೆ ಹಚ್ಚುವುದು. ಯಾರೂ ಕೂಗದಿದ್ದರೆ ಅಳಿಸುವುದು.

ಈ ಯಂತ್ರಗಳಿಗೆ ಹೆಸರಿಟ್ಟು ಇಷ್ಟು ವರ್ಷ ನೋಡಿಕೊಂಡವನು ಕ್ಯಾತನಹಳ್ಳಿಯ ಲೋಕೇಶ್. ನಾಗಮಂಗಲದ ಅಕ್ಕಸಾಲಿಗರ ಮನೆಯಿಂದ ಬಂದ ಸುರೇಂದ್ರನಿಗೆ ಕೆಲಸ ಕಲಿಸಿದವನೂ ಅವನೇ. ಅವನು ಈಗ ರಜೆಯಲ್ಲಿದ್ದ.

"ನಾನ್ ಕೇಳೇ ಇಲ್ಲ ಕಣ್ಲಾ," ಎಂದು ಹೊರಡುವ ದಿನ ಹೆಲ್ಮೆಟ್ ಹಾಕಿಕೊಳ್ಳುತ್ತ ನಕ್ಕಿದ್ದ. "ಸಾಹೇಬ್ರೇ ಕರ್ದು, ಕಬ್ಬು ಕಡಿಯೋ ಟೈಮು, ಎರಡು ವಾರ ಓಗಪ್ಪ ಅಂದ್ಬುಟ್ರು. ನನ್ ಮದ್ವೇಗೇ ನಾಲ್ಕ್ ದಿನ ಕೊಡಕ್ಕೆ ಅತ್ತಿದ್ರು! ಏನೋ ಒಳ್ಳೇ ಬುದ್ಧಿ ಬಂದ್ಬುಟ್ಟದೆ. ನೀನೂ ಈಗ್ಲೇ ಕೇಳ್ಕೊಳ್ಲಾ."

ಅವನ ಬೈಕು ಗೇಟು ದಾಟಿದ ಮೇಲೆ ಮ್ಯಾನೇಜರ್ ಶಿವಶಂಕರ್ ಸುರೇಂದ್ರನನ್ನು ಒಳಗೆ ಕರೆದಿದ್ದರು.

"ನೋಡಪ್ಪ, ಎಲ್ಲಾ ಕ್ಲೌಡಿಗೆ ಹೋದ್ಮೇಲೆ ಇಲ್ಲಿಗೆ ಇಬ್ಬರು ಯಾಕೆ ಅಂತ ಮೇಲಿನವರು ಕೇಳ್ತಿದಾರೆ. ನೀವು ಮಿಷಿನ್ನಿಗೆ ಮಾಡ್ತೀರಲ್ಲ, ಅದನ್ನೇ ಮಾಡೋಣ ಅಂತ. ಎರಡು ವಾರ ಲೋಕೇಶ್ ಇರಲ್ಲ. ಅವನು ಬೇಕು ಅಂತ ಯಾರಾದ್ರೂ ಕೂಗಿದ್ರೆ ಇಟ್ಕೊಳ್ಳೋಣ. ಇಲ್ಲ ಅಂದ್ರೆ ಇಲ್ಲ. ಅವನ ಕಿವಿಗೆ ಹಾಕ್ಬೇಡ."

ಸುರೇಂದ್ರ ತಲೆಯಾಡಿಸಿದ್ದ. ಹೊರಗೆ ಬಂದು ಟೀ ಕುಡಿದ. ಅದಕ್ಕೆ ಸಕ್ಕರೆ ಹಾಕಿರಲಿಲ್ಲ ಎಂಬುದು ಲೋಟ ತೊಳೆಯುವಾಗ ಗೊತ್ತಾಯಿತು.

'ಬೆಳ್ಳೂರು' ಆರಿಸಿದ ಮರುದಿನ ಬೆಳಿಗ್ಗೆ ಕೆ.ಆರ್.ಪೇಟೆಯ ಕೇಂದ್ರದಿಂದ ಪಾರ್ವತಮ್ಮನ ಫೋನು ಬಂತು. ಅಲ್ಲಿ ಹಾಲು ಅಳೆದು ಚೀಟಿ ಕೊಡುವವಳು ಆಕೆ.

"ಏನಪ್ಪಾ, ಚೀಟೀನೇ ಬರ್ತಿಲ್ಲ! ಜನ ಕ್ಯಾನ್ ಇಟ್ಕಂಡು ರೋಡ್‌ಗಂಟ ನಿಂತವ್ರೆ. ಆಲು ಒಡೆದೋದ್ರೆ ನಿಮ್ಮಾಫೀಸಿಗೇ ತಂದು ಸುರೀತೀನಿ, ತಿಳ್ಕೋ!"

ಸುರೇಂದ್ರ ಪರದೆಯ ಮೇಲೆ ಕೆ.ಆರ್.ಪೇಟೆಯ ಯಂತ್ರ ಹುಡುಕಿದ. ಆ ಹೆಸರಿನದು ಇರಲೇ ಇಲ್ಲ. ಮತ್ತೊಮ್ಮೆ ಮೇಲಿನಿಂದ ನೋಡಿದ. ಲೋಕೇಶನಿಗೆ ಫೋನ್ ಹಚ್ಚಿದ.

"ಲೋಕೇಶಣ್ಣ, ಕೆ.ಆರ್.ಪೇಟೆ ನಿಂತೋಗದೆ! ಏನೂ ಗೊತ್ತಾಗ್ತಿಲ್ಲ, ನೀನ್ ಬೇಕು ಕಣಣ್ಣ!"

ಆ ದನಿ ತನ್ನದೆಂದು ಅವನಿಗೇ ಗುರುತು ಸಿಗಲಿಲ್ಲ. ಅತ್ತ ಕಡೆ ಕಬ್ಬಿನ ಸೋಗೆ ಸರಸರ ಎನ್ನುತ್ತಿತ್ತು.

"ಯಾಕ್ಲಾ ಅಂಗ್ ಕೂಗ್ತೀಯ, ಕಿವಿ ತೂತಾಯ್ತದೆ. ಬೆಳ್ಳೂರೇನಾರ ಆರಿಸಿದ್ಯಾ?"

"ಊಂ."

ಲೋಕೇಶ್ ಬಿದ್ದು ಬಿದ್ದು ನಕ್ಕ. "ಕೆ.ಆರ್.ಪೇಟೇದು ಕೆಟ್ಟೋಗಿತ್ತು ಕಣೋ. ಬೆಳ್ಳೂರು ಮುಚ್ಚಿದ್ಮೇಲೆ ಅದ್ನೇ ಅವ್ರಿಗೆ ಕೊಟ್ಬುಟ್ಟೆ. ಎಸ್ರು ಯಾವನ್ ಬದ್ಲಾಯಿಸ್ತಾನೆ ಅಂತ ಸುಮ್ಕಾದೆ. ಆನ್ ಮಾಡು, ಎದ್ರಕೋಬ್ಯಾಡ."

ಹಸಿರು ಚುಕ್ಕೆ ಬಂತು. ಅಷ್ಟರಲ್ಲಿ ಲೋಕೇಶ್ ತಾನೇ ಪಾರ್ವತಮ್ಮನಿಗೆ ಫೋನ್ ಮಾಡಿ, ಲೈನು ಕೆಟ್ಟಿತ್ತು ಎಂದು ಸಮಾಧಾನ ಹೇಳಿದ್ದ. ಆಮೇಲೆ ಮತ್ತೆ ಇವನಿಗೆ ಮಾಡಿದ.

"ಸಾಹೇಬ್ರ ತಾವ ಬಾಯಿ ಬುಡ್ಬ್ಯಾಡ. ನೀನು ಆರಿಸಿದ್ದು ಅಂತ ಗೊತ್ತಾದ್ರೆ ಸಿಗಿದಾಕ್ಬುಡ್ತಾರೆ. ನೀನು ಫೋನ್ ಮಾಡೇ ಇಲ್ಲ, ನಾನು ಎತ್ತೇ ಇಲ್ಲ. ತಿಳೀತಾ?"

ನಿನ್ನ ರಜೆ ರಜೆಯಲ್ಲ ಅಣ್ಣ ಎಂದು ಆಗ ಹೇಳಬಹುದಿತ್ತು. ಸುರೇಂದ್ರ ಮತ್ತೆ "ಊಂ" ಎಂದ.

ಎರಡು ವಾರ ಮುಗಿದ ದಿನ ಶಿವಶಂಕರ್ ಕನ್ನಡಕ ಒರೆಸುತ್ತ ಕೇಳಿದರು. "ಏನಪ್ಪ, ಯಾರಾದ್ರೂ ಕೂಗಿದ್ರಾ?"

ಕೂಗಿದ್ದು ಯಾರು ಎಂದು ಹೇಳಿದರೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು. ಉಳಿಯುವುದು ಒಬ್ಬನ ಕುರ್ಚಿ ಮಾತ್ರ. ಆದರೆ ಸುರೇಂದ್ರ ಅಷ್ಟೆಲ್ಲ ಯೋಚಿಸಿದ ಎಂದೂ ಹೇಳಲಾಗದು. ಅವನು ಮೇಜಿನ ಗಾಜಿನ ಕೆಳಗೆ ಸತ್ತು ಬಿದ್ದಿದ್ದ ಒಂದು ಸೊಳ್ಳೆಯನ್ನು ನೋಡುತ್ತಿದ್ದ.

"ಇಲ್ಲ ಸರ್."

"ಯಾರೂ?"

"ಯಾರೂ ಇಲ್ಲ."

ಸೋಮವಾರ ಲೋಕೇಶ್ ಬಂದ. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ. ಪೇಪರಿನಲ್ಲಿ ಸುತ್ತಿದ ಆಲೆಮನೆ ಬೆಲ್ಲವನ್ನು ಸುರೇಂದ್ರನ ಮೇಜಿನ ಮೇಲೆ ಕುಕ್ಕಿ, "ತಿನ್ಲಾ, ಒಳ್ಳೆ ಬಾಡೋದ ಬದ್ನೇಕಾಯಿ ತರ ಆಗಿದ್ದೀಯ," ಎಂದ. ಅಷ್ಟರಲ್ಲಿ ಮ್ಯಾನೇಜರ್ ಕೋಣೆಯಿಂದ ಕರೆ ಬಂತು.

ಹೊರಗೆ ಬಂದವನು ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಅದರ ಬೆನ್ನು ಹಿಡಿದು ನಿಂತ.

"ಎರಡು ವಾರದಾಗೆ ಒಬ್ರೂ ನನ್ ಕೇಳ್ಲಿಲ್ವಂತೆ ಕಣ್ಲಾ," ಎಂದ. ಸ್ವಲ್ಪ ಹೊತ್ತು ಸುರೇಂದ್ರನ ಮುಖವನ್ನೇ ನೋಡಿದ. "ಒಬ್ರೂ."

ಸುರೇಂದ್ರ ಬೆಲ್ಲದ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ.

"ಬೆಲ್ಲಕ್ಕೆ ಇರುವೆ ಮುತ್ಕತವೆ. ಡಬ್ಬಕ್ಕೆ ಆಕ್ಕೊ," ಎಂದು ಹೇಳಿ ಹೆಲ್ಮೆಟ್ ಎತ್ತಿಕೊಂಡು ಹೊರಟ.

ಆ ಮಧ್ಯಾಹ್ನ ಸುರೇಂದ್ರ 'ಬೆಳ್ಳೂರು' ಎಂಬ ಹೆಸರನ್ನು ಅಳಿಸಿ 'ಕೆ.ಆರ್.ಪೇಟೆ' ಎಂದು ಬರೆದು, ಅದನ್ನು ಕ್ಲೌಡಿಗೆ ಸಾಗಿಸಿದ. ಯಾವ ತೊಂದರೆಯೂ ಆಗಲಿಲ್ಲ. ಪಾರ್ವತಮ್ಮನ ಚೀಟಿಗಳು ನಿಲ್ಲದೆ ಬರುತ್ತಿದ್ದವು. ಬೆಲ್ಲವನ್ನು ಡಬ್ಬಿಗೆ ಹಾಕಿಟ್ಟ.

ತಾನು ಕೂಗಿದ್ದೆ ಎಂದು ಅವನು ಯಾರಿಗೂ ಹೇಳಲಿಲ್ಲ.